ಆಲಮಟ್ಟಿ ಹಿನ್ನೀರಿಗೆ ಮೊದಲ ಕಯಾಕ್: ಯಾವುದು ತಗೊಳ್ಳಲಿ, ಹೇಗೆ ಶುರು ಮಾಡಲಿ?

ಅನಗವಾಡಿ ದಾಟುವವ

ನಮಸ್ಕಾರ ಎಲ್ಲರಿಗೂ. ಊರು ಜಮಖಂಡಿ ಕಡೆ, ಈಗ ಬಾಗಲಕೋಟೆ ನವನಗರದಲ್ಲಿ ಮನೆ. ಕೆಲಸ ಬೀಳಗಿಯಲ್ಲಿ, ಹಾಗಾಗಿ ದಿನಾ ಅನಗವಾಡಿ ಸೇತುವೆ ಮೇಲೆ ಓಡಾಟ. ಅಕ್ಟೋಬರ್ ಹೊತ್ತಿಗೆ ಸೇತುವೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ನೀರು. ಇಷ್ಟು ನೀರು ಮನೆ ಹತ್ತಿರವೇ ಇರುವಾಗ ವರ್ಷಕ್ಕೊಮ್ಮೆ ಗೋವಾಕ್ಕೋ ದಾಂಡೇಲಿಗೋ ಹೋಗಿ ಅರ್ಧ ಗಂಟೆ ಬಾಡಿಗೆ ದೋಣಿ ಯಾಕೆ ಹತ್ತಬೇಕು ಅನ್ನಿಸಿ, ಸ್ವಂತ ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಸಣ್ಣ ದೋಣಿ, ತಗೊಳ್ಳುವ ಮನಸ್ಸು ಮಾಡಿದ್ದೇನೆ.

ನನಗೆ 38 ವಯಸ್ಸು, ತೂಕ 82 ಕೆ.ಜಿ. ಚಿಕ್ಕವನಿದ್ದಾಗ ತೋಟದ ಬಾವಿಯಲ್ಲಿ ಈಜು ಕಲಿತಿದ್ದೇನೆ. ಮನೆಯವರಿಗೆ ಈಜು ಬರುವುದಿಲ್ಲ. ಮಗಳಿಗೆ 11 ವರ್ಷ, ಈಜುಕೊಳದಲ್ಲಿ ಕಲಿಯುತ್ತಿದ್ದಾಳೆ. ಎಲ್ಲಾ ಸೇರಿ 45 ಸಾವಿರ ಖರ್ಚು ಮಾಡಬಲ್ಲೆ.

ಆನ್‌ಲೈನ್‌ನಲ್ಲಿ ನೋಡಿ ನೋಡಿ ತಲೆ ಕೆಟ್ಟಿದೆ. ಒಳಗೆ ಕಾಲು ಚಾಚಿ ಕೂರುವುದು ಒಂದು, ಮೇಲೆ ಕೂರುವುದು ಒಂದು, ಗಾಳಿ ತುಂಬುವುದು ಇನ್ನೊಂದು. ಎಂಟು ಅಡಿಯಿಂದ ಹದಿನಾಲ್ಕು ಅಡಿವರೆಗೂ ಇವೆ. ಇಬ್ಬರು ಕೂರುವಂಥದ್ದನ್ನೇ ತಗೊಂಡರೆ ಮಗಳನ್ನೂ ಕರೆದುಕೊಂಡು ಹೋಗಬಹುದಲ್ಲ ಅಂತಲೂ ಇದೆ. ಇನ್ನು ಮನೆಯಲ್ಲಿ ಒಂದೇ ಮಾತು: "ಹೊಳೆಯಲ್ಲಿ ಮೊಸಳೆ ಇಲ್ಲವಾ?" ಇದಕ್ಕೆ ಏನು ಹೇಳಲಿ? ನಮ್ಮ ಕಡೆಯ ನೀರು ಗೊತ್ತಿರುವವರು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

---

ಗುಮ್ಮಟದೂರಿನವ

ನಾನು ವಿಜಯಪುರದವನು. ಮೂರನೇ ಮಹಡಿಯಲ್ಲಿ ಬಾಡಿಗೆ ಮನೆ, ಹಾಗಾಗಿ ಗಟ್ಟಿ ದೋಣಿ ಇಡಲು ಜಾಗವೇ ಇಲ್ಲ. ಗಾಳಿ ತುಂಬುವ ಕಯಾಕ್ ಇಟ್ಟುಕೊಂಡಿದ್ದೇನೆ. ಮಡಚಿದರೆ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆ, ಅದೇ ಅದರ ದೊಡ್ಡ ಗುಣ.

ನಿಮಗೆ ಮನೆಯಲ್ಲಿ ಜಾಗ ಇದ್ದರೆ ಇದನ್ನು ತಗೊಳ್ಳಬೇಡಿ ಅನ್ನುತ್ತೇನೆ. ನೀರಿನ ಮೇಲೆ ಎತ್ತರಕ್ಕೆ, ಹಗುರಾಗಿ ಕೂರುತ್ತದೆ. ಅಡ್ಡಗಾಳಿ ಬಂದರೆ ನೀವು ಒಂದು ಕಡೆ ಹುಟ್ಟು ಹಾಕಿದರೆ ದೋಣಿ ಇನ್ನೊಂದು ಕಡೆ ಹೋಗುತ್ತದೆ. ಇನ್ನೊಂದು, ಹಿನ್ನೀರಿನಲ್ಲಿ ಮುಳುಗಿದ ಜಾಲಿ ಕಂಟಿಗಳು ಬಹಳ. ನೀರು ಇಳಿದ ವರ್ಷ ಹೋಗಿ ನೋಡಿ, ಒಣಗಿದ ಟೊಂಗೆಗಳೆಲ್ಲ ಮುಳ್ಳು ಸಮೇತ ನಿಂತಿರುತ್ತವೆ. ಅದಕ್ಕೆ ನಾನು ಒಂದೇ ಗಾಳಿಚೀಲದ ಅಗ್ಗದ ಮಾದರಿ ಬಿಟ್ಟು, ಮೂರು ಬೇರೆ ಬೇರೆ ಚೀಲ ಇರುವುದನ್ನು ಹುಡುಕಿ ತಗೊಂಡೆ. ಒಂದು ಹೋದರೆ ಉಳಿದ ಎರಡು ದಂಡೆ ಮುಟ್ಟಿಸುತ್ತವೆ. ಬಿಸಿಲಲ್ಲಿ ಗಾಳಿ ಹಿಗ್ಗುತ್ತದೆ. ಬೆಳಿಗ್ಗೆ ಬಿಗಿಯಾಗಿ ತುಂಬಿಸಿ ದಂಡೆಯ ಮೇಲೆ ಬಿಸಿಲಿಗೆ ಬಿಟ್ಟರೆ ಹೊಲಿಗೆ ಬಿಡುತ್ತದೆ. ನೀರಿನಿಂದ ಎತ್ತಿದ ಕೂಡಲೇ ಸ್ವಲ್ಪ ಗಾಳಿ ಬಿಡಬೇಕು.

ಉಳಿದದ್ದು ಹೊಳಿದಂಡಿ ಅಕ್ಕಾರು ಹೇಳಲಿ, ಆ ನೀರು ಅವರಷ್ಟು ನಮಗ್ಯಾರಿಗೂ ಗೊತ್ತಿಲ್ಲ.

---

ಹೊಳಿದಂಡಿ ಅಕ್ಕ

ಅಣ್ಣಾರ, ನಮಸ್ಕಾರ್ರಿ. ನಾ ಬೀಳಗಿ ತಾಲೂಕಿನಾಕಿ, ಶಾಲ್ಯಾಗ ದೈಹಿಕ ಶಿಕ್ಷಣ ಶಿಕ್ಷಕಿ. ನಮ್ಮಪ್ಪ ಹರಗೋಲು ಹಾಕಿ ಮಂದಿ ದಾಟಸ್ತಿದ್ದರು. ಕಯಾಕ್ ನಾ ಕಲ್ತದ್ದು ಆಮ್ಯಾಲ, ಸಾಹಸ ಶಿಬಿರದಾಗ. ನಿಮ್ಮ ಪ್ರಶ್ನೆ ಓದಿ ಭಾಳ ಖುಷಿ ಆತು. ಈ ನೀರಿನ ಮ್ಯಾಲ ನಮ್ಮ ಮಂದಿ ಇಳೀಬೇಕು, ಆದ್ರ ತಿಳಕೊಂಡು ಇಳೀಬೇಕು ಅನ್ನೋದು ನನ್ನ ಆಸೆ.

ದೋಣಿ ಮಾತು ಆಮ್ಯಾಲ. ಮದ್ಲ ನೀರು ನೋಡೋಣ. ಆಲಮಟ್ಟಿ ಡ್ಯಾಮ್ ತುಂಬೂದು 519.60 ಮೀಟರಿಗೆ. ಅಷ್ಟು ತುಂಬಿದಾಗ ನೀರು ಕೃಷ್ಣಾದಾಗ ಅಷ್ಟೇ ಅಲ್ಲ, ಘಟಪ್ರಭಾದಾಗೂ ಹಿಂದ ಏರಿ ನಿಮ್ಮ ಅನಗವಾಡಿ ಸೇತುವಿ ತನಕ, ಅದರ ಆಚೀಗೂ ನಿಲ್ತೈತಿ. ಹೊಳಿ ಅಂತ ಕರೀತೀವಿ ಖರೆ, ಆದ್ರ ಅದು ಈಗ ಹೊಳಿ ಅಲ್ಲ, ಗಿಡ ಇಲ್ಲದ ಬಯಲಾಗ ಹಾಸಿದ ದೊಡ್ಡ ಕೆರಿ. ಹರಿಯೋ ಸೆಳವು ಕಡಿಮಿ, ಗಾಳಿ ಜಾಸ್ತಿ. ಕೋರ್ತಿ-ಕೊಲ್ಹಾರ ಸೇತುವಿ ಹತ್ರ ಹೋಗಿ ನಿಂತು ನೋಡ್ರಿ, ಗಾಳಿಗೆ ತಡಿ ಅನ್ನೂದು ಒಂದೂ ಇಲ್ಲ. ತಡಿ ಇಲ್ಲದ ನೀರಿನ ಮ್ಯಾಲ ಗಾಳಿ ಎಷ್ಟು ದೂರ ಓಡ್ತೈತೋ ತೆರಿ ಅಷ್ಟು ಎತ್ತರ ಆಗ್ತಾವ. ಈ ದಂಡ್ಯಾಗ ಸಣ್ಣ ಸಣ್ಣ ಅಲಿ ಇದ್ರ ಆ ದಂಡ್ಯಾಗ ದೋಣಿ ಮುಗಚೋ ತೆರಿ ಇರ್ತಾವ.

ಅದಕ ನಮ್ಮ ಕಡೆ ತಿಂಗಳ ಲೆಕ್ಕ ಮುಖ್ಯ. ಜೂನ್‌ದಿಂದ ಸೆಪ್ಟೆಂಬರ್ ತನಕ ಪಡುವಣ ಗಾಳಿ ಹಗಲೂ ರಾತ್ರಿ ಬೀಸ್ತೈತಿ, ಮಹಾರಾಷ್ಟ್ರದಾಗ ಮಳಿ ಆದ್ರ ನೀರು ಒಮ್ಮೆಲೆ ಏರ್ತೈತಿ. ಆ ನಾಲ್ಕು ತಿಂಗಳು ಹೊಸಬರು ನೀರಿಗಿಳಿಯೂದು ಬ್ಯಾಡೇ ಬ್ಯಾಡ. ಅಕ್ಟೋಬರ್‌ದಾಗ ಮಧ್ಯಾಹ್ನ ಗುಡುಗು ಸಿಡಿಲಿನ ಮಳಿ ಇರ್ತಾವ, ಮುಂಜಾನೆ ಮಾತ್ರ ಛಲೋ. ನವೆಂಬರ್, ಡಿಸೆಂಬರ್, ಜನವರಿ, ಇವು ನಮ್ಮ ತಿಂಗಳು. ನೀರೂ ಇರ್ತೈತಿ, ಗಾಳಿನೂ ಮುಂಜಾನೆ ಒಂಬತ್ತು ಗಂಟೆ ತನಕ ಸುಮ್ಮ ಇರ್ತೈತಿ. ಮುಂದ ಕಾಲುವಿಗೆ ನೀರು ಬಿಟ್ಟಂಗ ದಂಡಿ ಹಿಂದ ಸರೀತೈತಿ, ಏಪ್ರಿಲ್ ಮೇ ಬಂತಂದ್ರ ನೀರು ಮುಟ್ಟಾಕ ಎರಿ ರಾಡ್ಯಾಗ ಮೊಣಕಾಲು ತನಕ ಹೂತ್ಕೊಂಡು ನಡೀಬೇಕು.

ಈ ನೀರಿಗೆ ನಿಮಗ ಬೇಕಾದ್ದು ಮ್ಯಾಲ ಕೂಡೋ ಕಯಾಕ್. ಸಿಟ್-ಆನ್-ಟಾಪ್ ಅಂತ ಅಂಗಡ್ಯಾಗ ಕೇಳ್ರಿ. ಒಳಗ ಕಾಲು ಚಾಚಿ ಕೂಡೋದು ಚಳಿ ದೇಶದ ಮಂದಿಗೆ ಛಲೋ, ಮೈ ಒಣಗಿರ್ತೈತಿ. ಆದ್ರ ಅದು ಮುಗಚಿದ್ರ ಒಳಗ ನೀರು ತುಂಬ್ತೈತಿ. ತುಂಬಿದ ದೋಣಿ ನಡು ನೀರಾಗ ಒಬ್ಬರ ಕೈಲೆ ಖಾಲಿ ಮಾಡಾಕ ಆಗೂದಿಲ್ಲ, ಪಂಪ್ ಬೇಕು, ಜೊತಿಗೆ ಇನ್ನೊಂದು ದೋಣಿ ಬೇಕು. ಮ್ಯಾಲ ಕೂಡೋದರಾಗ ಆ ತ್ರಾಸು ಇಲ್ಲ. ಅದು ಸುತ್ತೂ ಮುಚ್ಚಿದ ಪ್ಲಾಸ್ಟಿಕ್ ಗೂಡು, ಕೂಡೋ ಜಾಗದಾಗ ತೂತು ಇರ್ತಾವ, ಬಂದ ನೀರು ತಾನ ಇಳದು ಹೋಗ್ತೈತಿ. ಬಿದ್ರಿ ಅಂದ್ರ ದೋಣಿ ತಿರುವಿ ಹಾಕಿ ಮತ್ತ ಹತ್ತೂದು ಅಷ್ಟೇ.

ಉದ್ದ ಹತ್ತರಿಂದ ಹನ್ನೊಂದು ಅಡಿ, ಅಗಲ 30ರಿಂದ 32 ಇಂಚು ನೋಡ್ರಿ. ಅಗಲ ಇದ್ದಷ್ಟು ಅಲುಗಾಟ ಕಡಿಮಿ, ಉದ್ದ ಇದ್ದಷ್ಟು ನೆಟ್ಟಗ ಹೋಗ್ತೈತಿ. ಎಂಟು ಅಡೀದು ಅಗ್ಗ ಸಿಗ್ತೈತಿ, ಆದ್ರ ಪ್ರತಿ ಹುಟ್ಟಿಗೂ ಮೂತಿ ಎಡಕ ಬಲಕ ತಿರಗ್ತೈತಿ, ಗಾಳ್ಯಾಗ ತೋಳು ಸೋತು ಹೋಗ್ತಾವ. ಹದಿನಾಲ್ಕು ಅಡೀದು ಓಡ್ತೈತಿ ಖರೆ, ಕಿರಿದು ಇರ್ತೈತಿ, ಅದು ಎರಡನೇ ದೋಣಿ, ಮದ್ಲನೇದಲ್ಲ. ಹಿಂದಿನ ತುದಿಗೆ ಕೆಳಗ ಸಣ್ಣ ರೆಕ್ಕಿಯಂಥದ್ದು ಇದ್ರ, ಸ್ಕೆಗ್ ಅಂತಾರ, ಇನ್ನೂ ಛಲೋ, ಅಡ್ಡಗಾಳ್ಯಾಗ ಹಾದಿ ತಪ್ಪೂದಿಲ್ಲ. ಭಾರ ಹೊರೋ ತಾಕತ್ತು ಎಷ್ಟು ಅಂತ ಬರದಿರ್ತಾರ, ಅಷ್ಟು ಪೂರಾ ಹೇರಬ್ಯಾಡ್ರಿ. ಮೂರರಾಗ ಎರಡು ಪಾಲು ಸಾಕು. ನೀವು 82, ನೀರು ಬುತ್ತಿ ಸೇರಿ 90 ಅನ್ರಿ, 135 ಕೆ.ಜಿ. ಮ್ಯಾಲ ಬರದದ್ದನ್ನ ತಗೋರಿ. ದೋಣಿ ತೂಕ 22ರಿಂದ 25 ಕೆ.ಜಿ. ಇರ್ತೈತಿ. ಕೊಳ್ಳೂ ಮುಂಚೆ ಅಂಗಡ್ಯಾಗ ಒಬ್ಬರ ಎತ್ತಿ ಕಾರಿನ ಮ್ಯಾಲ ಇಡಾಕ ಬರ್ತೈತೇನ್ ನೋಡ್ರಿ. ಎತ್ತಾಕ ಆಗದ ದೋಣಿ ಮನ್ಯಾಗ ಉಳೀತೈತಿ.

ಹುಟ್ಟು 230 ಸೆಂಟಿಮೀಟರ್, ಎರಡು ತುಂಡು ಮಾಡಿ ಸೇರಿಸೋದು. ತಲಿ ಮ್ಯಾಲ ಹುಟ್ಟು ಇಟ್ಕೊಂಡು ಎರಡೂ ಮೊಣಕೈ ಕಾಟಕೋನ ಆಗೋ ಹಂಗ ಹಿಡೀರಿ, ಅದ ನಿಮ್ಮ ಹಿಡಿತದ ಜಾಗ. ತೋಳಿಂದ ಜಗ್ಗಬ್ಯಾಡ್ರಿ, ನಡದಿಂದ ಮೈ ತಿರುವಿ ಜಗ್ರಿ. ಕಾಲ್ಬೆರಳ ಹತ್ರ ನೀರಾಗ ಹಾಕಿ ಸೊಂಟದ ಹತ್ರ ಎತ್ತಬೇಕು. ಸೊಂಟ ದಾಟಿ ಹಿಂದ ಎಳದ್ರ ದೋಣಿ ತಿರಗ್ತೈತಿ, ಮುಂದ ಹೋಗೂದಿಲ್ಲ.

ಈಗ ಜಾಕೆಟ್ ಮಾತು, ನೀರಾಗ ತೇಲಿಸೋ ಲೈಫ್ ಜಾಕೆಟ್. ನಿಮ್ಮ 45 ಸಾವಿರದಾಗ ಮದ್ಲ ಜಾಕೆಟ್ ರೊಕ್ಕ ತಗದು ಬ್ಯಾರೆ ಇಡ್ರಿ, ಉಳದದ್ದರಾಗ ದೋಣಿ. ನಂಗ ಈಸು ಬರ್ತೈತಿ ಅನ್ನೋ ಗಂಡಸರ ಜಾಕೆಟ್ ತಗದು ದೋಣ್ಯಾಗ ಹಿಂದ ಇಡ್ತಾರ. ಬಾವ್ಯಾಗ ಈಸೂದು ಬ್ಯಾರೆ: ಹತ್ತು ಕೈ ಹೊಡದ್ರ ಗೋಡಿ ಸಿಗ್ತೈತಿ. ಇಲ್ಲೆ ತೆರಿ ಮಕಕ್ಕ ಹೊಡೀತಿರ್ತಾವ, ದೋಣಿ ಗಾಳಿಗೆ ನಿಮಗಿಂತ ಜೋರು ಓಡ್ತೈತಿ. ನೀರಾಗ ಬಿದ್ದ ಮ್ಯಾಲ ಜಾಕೆಟ್ ತೊಡಾಕ ಆಗೂದಿಲ್ಲ. ತೇಲಿಸೋ ಶಕ್ತಿ ನ್ಯೂಟನ್ ಲೆಕ್ಕದಾಗ ಬರದಿರ್ತಾರ, ಈಸು ಬರೋ ದೊಡ್ಡವರಿಗೆ 50 ನ್ಯೂಟನ್ ಅಂತ ಬರದದ್ದು ನಡೀತೈತಿ, ಹುಟ್ಟು ಹಾಕಾಕ ತೋಳು ಸಲೀಸು ಇರ್ತಾವ. ಈಸು ಬರದವರಿಗೆ, ಮಕ್ಕಳಿಗೆ 100 ನ್ಯೂಟನ್‌ದು, ಕೊರಳ ಹಿಂದ ತಲಿಗೆ ಆಸರ ಇರೋದು ಬೇಕು. ತೊಟ್ಟು ಬೆಲ್ಟ್ ಎಲ್ಲಾ ಬಿಗದ ಮ್ಯಾಲ ಯಾರಾದ್ರೂ ಹಿಂದಿನಿಂದ ಎರಡೂ ಭುಜ ಹಿಡದು ಮ್ಯಾಲಕ ಎತ್ತಲಿ. ಕಿವಿ ತನಕ ಏರಿದ್ರ ಆ ಜಾಕೆಟ್ ನಿಮ್ಮದಲ್ಲ, ಸಣ್ಣ ಅಳತೀದು ನೋಡ್ರಿ. ಅದರ ಮ್ಯಾಲ ಕೂಡಬ್ಯಾಡ್ರಿ, ಒಳಗಿನ ಫೋಮ್ ಚಪ್ಪಟಿ ಆದ್ರ ತೇಲಿಸೋ ಶಕ್ತಿ ಹೋಗ್ತೈತಿ. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿರ್ರಿ. ಕೂಗಿದ್ದು ಗಾಳ್ಯಾಗ ಕೇಳಸೂದಿಲ್ಲ, ಸೀಟಿ ಕೇಳಸ್ತೈತಿ. ಮೂರು ಸಲ ಊದಿದ್ರ ಸಹಾಯ ಬೇಕು ಅಂತ ಅರ್ಥ.

ಮೊಸಳಿ ವಿಷಯ ಮತ್ತ ಬರೀತೇನಿ, ಸಾಲಿ ಗಂಟಿ ಆತು.

---

ಕುಂದಾ ಊರಿನವ

ಅಕ್ಕಾರು ಹೇಳಿದ್ದು ಕೆರೆಯಂಥ ನೀರಿಗೆ ನೂರಕ್ಕೆ ನೂರು ಸರಿ. ನಾನು ಬೆಳಗಾವಿಯಿಂದ, ಮೂಲ ಅಥಣಿ ತಾಲೂಕು. ಎರಡು ಮಾತು ಸೇರಿಸುತ್ತೇನೆ.

ಒಂದು, ದಾಂಡೇಲಿ ಹೆಸರು ತೆಗೆದಿರಲ್ಲ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟಿನ ಕೆಳಗೆ ಕಾಳಿಯಲ್ಲಿ ಕಲ್ಲು, ಇಳಿಜಾರು, ನೊರೆ ನೀರು ಎಲ್ಲಾ ಇದೆ. ಅಲ್ಲಿ ಕೆಲವರು ಬಳಸುವ ಕುಳ್ಳ ದೋಣಿ ನೋಡಿ, ಅಂಥದ್ದೇ ಬೇಕು ಅಂತ ಆಸೆಪಡಬೇಡಿ. ಅದು ಬೇಕಂತಲೇ ಸುಲಭವಾಗಿ ತಿರುಗುವಂತೆ ಮಾಡಿದ ದೋಣಿ. ನಿಂತ ನೀರಿನಲ್ಲಿ ನೆಟ್ಟಗೆ ಹೋಗುವುದೇ ಇಲ್ಲ. ಸೊಂಟಕ್ಕೆ ಬಿಗಿಯುವ ಮುಸುಕು, ಹೆಲ್ಮೆಟ್, ತಲೆಕೆಳಗಾದಾಗ ದೋಣಿಯಿಂದ ಹೊರಬರುವ ಅಭ್ಯಾಸ, ಇಷ್ಟಿಲ್ಲದೆ ಅದರಲ್ಲಿ ಕೂರುವುದು ಅಪಾಯ. ಆ ವಿದ್ಯೆ ಬೇಕಾದರೆ ಗುರುಗಳ ಕೈಕೆಳಗೆ ಕಲಿಯಬೇಕು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಮ್ಮ ರಾಜ್ಯದ್ದೇ, ಜಲಸಾಹಸದ ತರಬೇತಿ ಕೊಡುತ್ತಾರೆ. ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಮುಂದಿನ ಶಿಬಿರ ಯಾವಾಗ ಅಂತ ಕೇಳಿ ನೋಡಿ.

ಎರಡನೆಯದು ಇನ್ನೂ ಮುಖ್ಯ, ನೀವು ಜಮಖಂಡಿಯವರು ಅಂದದ್ದಕ್ಕೆ ಹೇಳುತ್ತಿದ್ದೇನೆ. ಊರಿಗೆ ಹೋದಾಗ ದೋಣಿ ಅಲ್ಲಿಗೂ ಒಯ್ಯುವ ಮನಸ್ಸಾಗುತ್ತದೆ. ಕೃಷ್ಣಾ ಮೇಲೆ ಆ ಕಡೆ ಬ್ಯಾರೇಜುಗಳ ಸಾಲೇ ಇದೆ. ಹಿಪ್ಪರಗಿ ಇದೆ, ನಿಮ್ಮ ಭಾಗದ ರೈತರು ತಾವೇ ರೊಕ್ಕ ಕೂಡಿಸಿ, ತಾವೇ ಮಣ್ಣು ಕಲ್ಲು ಹೊತ್ತು 1989ರಲ್ಲಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜ್ ಇದೆ. ಅದನ್ನು ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ. ಆದರೆ ದೋಣಿಯವರಿಗೆ ಬ್ಯಾರೇಜ್ ಅಂದರೆ ಹೊಳೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗ. ಮೇಲಿನಿಂದ ಬರುವಾಗ ಅದು ಕಾಣುವುದೇ ಇಲ್ಲ, ನೀರು ಸಪಾಟಾಗಿ ಮುಂದೆ ಹೋದಂತೆ ತೋರುತ್ತದೆ. ಮೇಲಿಂದ ಧುಮುಕಿದ ನೀರು ಬುಡದಲ್ಲಿ ತಳಕ್ಕೆ ಹೋಗಿ, ಮೇಲೆದ್ದು, ಮತ್ತೆ ಗೋಡೆಯ ಕಡೆಗೇ ತಿರುಗಿ ಬರುತ್ತದೆ. ಆ ಸುಳಿಯಲ್ಲಿ ಸಿಕ್ಕ ಮರದ ದಿಮ್ಮಿ ಗಂಟೆಗಟ್ಟಲೆ ಅಲ್ಲೇ ಉರುಳುತ್ತಿರುವುದನ್ನು ನೋಡಿದ್ದೇನೆ. ಜಾಕೆಟ್ ಹಾಕಿದ ಮನುಷ್ಯನನ್ನೂ ಅದು ಹಾಗೆಯೇ ಹಿಡಿಯುತ್ತದೆ. ಎತ್ತರ ಎರಡೇ ಅಡಿ ಇದ್ದರೂ ಅಷ್ಟೇ. ಮೇಲೆ ಕೆಳಗೆ ಎರಡೂ ಕಡೆ ದೂರ ಇರಿ, ಗೇಟು ಯಾವಾಗ ತೆಗೆಯುತ್ತಾರೆ ಅಂತ ಹೇಳಿ ತೆಗೆಯುವುದಿಲ್ಲ.

---

ಹೊಳಿದಂಡಿ ಅಕ್ಕ

ಕುಂದಾ ಊರಿನ ಅಣ್ಣಾರು ಬ್ಯಾರೇಜ್ ಮಾತು ಹೇಳಿದ್ದು ಭಾಳ ಛಲೋ ಆತು. ಇದನ್ನ ಸಾಲಿ ಮಕ್ಕಳಿಗೂ ಹೇಳ್ತೇನಿ.

ಇನ್ನ ಮೊಸಳಿ. ಹೌದ್ರಿ, ಅದಾವ. ಕೃಷ್ಣಾದಾಗ ಹಿಂದಿನಿಂದಲೂ ಅದಾವ, ಇಲ್ಲ ಅಂತ ನಿಮ್ಮ ಮನಿಯವರಿಗೆ ಸುಳ್ಳು ಹೇಳಬ್ಯಾಡ್ರಿ. ಚಳಿಗಾಲದ ಮುಂಜಾನೆ ಬಿಸಿಲು ಕಾಯಿಸಾಕ ದಂಡಿ ಮ್ಯಾಲ, ಮರಳ ದಿಬ್ಬದ ಮ್ಯಾಲ ಮಕ್ಕೊಂಡಿರ್ತಾವ. ಫೆಬ್ರವರಿಯಿಂದ ಏಪ್ರಿಲ್ ಒಳಗ ದಂಡ್ಯಾಗ ಗುಂಡಿ ತೋಡಿ ತತ್ತಿ ಇಡ್ತಾವ, ಮಳಿಗಾಲದ ಮುಂದ ಮರಿ ಹೊರಗ ಬರ್ತಾವ, ಅಲ್ಲಿ ತನಕ ತಾಯಿ ಕಾವಲು ಇರ್ತೈತಿ. ಆ ದಿನದಾಗ ಅದರ ಹತ್ರ ಹೋದವರ ಮ್ಯಾಲ ಏರಿ ಬರ್ತೈತಿ. ಹಿಂಗಾಗಿ ನಾವು ಮಾಡೂದು ಇಷ್ಟು: ಎಲ್ಲೆ ಇಳೀತೀರೋ ಆ ಊರಿನ ಮೀನು ಹಿಡಿಯವರನ್ನ ಮದ್ಲ ಕೇಳ್ರಿ. ಅವರಿಗೆ ಯಾವ ಮಡುವಿನಾಗ ಯಾವುದು ಐತಿ ಅಂತ ಗುರ್ತು ಇರ್ತೈತಿ. ಅವರು ಬ್ಯಾಡ ಅಂದ ಜಾಗಕ ಹೋಗಬ್ಯಾಡ್ರಿ. ಜೊಂಡು ಬೆಳದ ದಂಡಿಗೆ ದೋಣಿ ಹಚ್ಚಬ್ಯಾಡ್ರಿ. ಹೊತ್ತು ಹುಟ್ಟಿದ ಮ್ಯಾಲ ಇಳೀರಿ, ಹೊತ್ತು ಮುಳಗೋಕಿಂತ ಮದ್ಲ ದಂಡ್ಯಾಗ ಇರ್ರಿ. ಕೈಕಾಲು ನೀರಾಗ ಇಳಿಬಿಟ್ಟು ಕೂಡಬ್ಯಾಡ್ರಿ. ಮೀನದ ಕಸ ನೀರಿಗೆ ಒಗೀಬ್ಯಾಡ್ರಿ. ದೂರದಾಗ ಒಂದು ಕಂಡ್ರ ಸದ್ದಿಲ್ಲದ ಅಗಲಕ್ಕ ಸುತ್ತು ಹಾಕಿ ಹೋಗ್ರಿ. ಫೋಟೋ ಸಲುವಾಗಿ ಹತ್ರ ಹೋಗೋ ಮಂದಿ ನೋಡಿದ್ರ ನಂಗ ಸಿಟ್ಟು ಬರ್ತೈತಿ.

ಮೊಸಳಿಕಿಂತ ದಿನಾ ಕಾಡೋ ಅಪಾಯ ಬ್ಯಾರೆ ಅದಾವ, ಅವನ್ನ ಯಾರೂ ಕೇಳೂದಿಲ್ಲ.

ಮುಳುಗಡಿ ಊರಿನ ಬಾವಿ. ಹಿನ್ನೀರಿನ ಕೆಳಗ ಎಷ್ಟು ಹೊಲ, ತೋಟ, ಓಣಿ ಹೋಗ್ಯಾವ ಅಂತ ಹಳೇ ಬಾಗಲಕೋಟಿಯವರಿಗೆ ಕೇಳ್ರಿ. ಹೊಲದ ಬಾವಿ ಎಲ್ಲಾ ಮುಚ್ಚಿಲ್ಲ. ದೋಣಿ ಹಿಡಕೊಂಡು ಮೊಣಕಾಲು ನೀರಾಗ ನಡಕೋತ ಹೊಂಟಾಗ ಒಂದು ಹೆಜ್ಜಿ ತಪ್ಪಿದ್ರ ನಲವತ್ತು ಅಡಿ ಬಾವಿ. ನೀರು ಕೆಂಪಗಿರ್ತೈತಿ, ಏನೂ ಕಾಣೂದಿಲ್ಲ. ಅದಕ ಜಾಕೆಟ್ ತೊಟ್ಟ ಮ್ಯಾಲನ ನೀರಾಗ ಕಾಲಿಡ್ರಿ, ಹುಟ್ಟಿನಿಂದ ಮುಂದ ತಡವಿಕೋತ ನಡೀರಿ. ಕಲ್ಲಿನ ಘಟ್ಟ, ಇಲ್ಲಾ ಗರಸು ಇರೋ ದಂಡಿ ನೋಡಿ ಇಳೀರಿ, ಎರಿ ರಾಡಿ ಬ್ಯಾಡ. ಪಾಳು ಗೋಡಿ, ಕಂಬ ನೀರಿನ ಮಟ್ಟದ ಕೆಳಗ ಅರ್ಧ ಅಡಿಗೆ ನಿಂತಿರ್ತಾವ, ಮುಳುಗಿದ ಓಣಿ ಮ್ಯಾಲ ಜೋರು ಹೋಗಬ್ಯಾಡ್ರಿ.

ರೈತರ ಮೋಟರ್. ದಂಡಿಗುಂಟ ನೀರೆತ್ತೋ ಪಂಪು, ಅದರ ವಾಯರು ನೀರಾಗ ಬಿದ್ದಿರ್ತಾವ, ಎಷ್ಟೋ ಕಡೆ ತೇಪಿ ಹಾಕಿದ ವಾಯರು. ಪೈಪ್ ಕಂಡಲ್ಲೆ ದೂರ ಸರೀರಿ. ದೋಣಿ ತಡಕೊಂಡ್ರೂ ಕೈಲೆ ಹಿಡದು ಬಿಡಿಸಾಕ ಹೋಗಬ್ಯಾಡ್ರಿ.

ಬಲಿ. ಸಂಜೀಕ ಬಿಟ್ಟು ಮುಂಜಾನೆ ಎತ್ತೋ ಬಲಿ ಇರ್ತಾವ. ಖಾಲಿ ಬಾಟ್ಲಿ, ಥರ್ಮೋಕೋಲ್ ತುಂಡು ಸಾಲಾಗಿ ತೇಲ್ತಿದ್ರ ಅದರ ಕೆಳಗ ಬಲಿ ಐತಿ ಅಂತ ತಿಳೀರಿ. ಸುತ್ತ ಹಾಕಿ ಹೋಗ್ರಿ. ಬಲಿ ಹರದ್ರ ಅವರ ಹೊಟ್ಟಿ ಮ್ಯಾಲ ಹೊಡದಂಗ, ನಾಳೆ ನಿಮ್ಮನ್ನ ನೀರಾಗಿಂದ ಎತ್ತೋರೂ ಅವರ.

ಗಾಳಿ ಬಗ್ಗೆ ಒಂದ ನಿಯಮ ಇಟ್ಕೋರಿ. ದಂಡ್ಯಾಗ ನಿಂತು ನೋಡಿದಾಗ ತೆರಿ ತುದಿಗೆ ಬೆಳ್ಳಗ ನೊರಿ ಅಲ್ಲೊಂದು ಇಲ್ಲೊಂದು ಕಂಡ್ರೂ ಸಾಕು, ಆ ದಿನ ಮನಿಗೆ ಹೋಗ್ರಿ. ಗಾಳಿ ತಾಸಿಗೆ ಹದಿನೈದು ಕಿಲೋಮೀಟರ್ ಆಸುಪಾಸು ಮುಟ್ಟೈತಿ ಅಂತ ಅದರ ಅರ್ಥ. ಹೊಸಬರು ಹುಟ್ಟು ಹಾಕೂದು ತಾಸಿಗೆ ನಾಲ್ಕು ಕಿಲೋಮೀಟರ್, ಎದುರ ಗಾಳ್ಯಾಗ ಅದರ ಅರ್ಧಕ್ಕ ಇಳೀತೈತಿ. ಹೊಂಡುವಾಗ ಗಾಳಿಗೆ ಎದುರ ಹೋಗ್ರಿ, ಸೋತು ತಿರುಗಿ ಬರುವಾಗ ಗಾಳಿನ ನಿಮ್ಮನ್ನ ದೂಡಿ ತರ್ತೈತಿ. ಮದ್ಲ ಹಿಂದಿನ ಗಾಳಿ ಹಿಡದು ಆರಾಮ ಹೋದವರ ವಾಪಸ್ ಬರಾಕ ಆಗದ ಆಚಿ ದಂಡ್ಯಾಗ ಉಳೀತಾರ. ಮದ್ಲಿನ ದಿನಗಳಾಗ ದಂಡಿ ಬಿಟ್ಟು ದೂರ ಹೋಗಬ್ಯಾಡ್ರಿ, ಈಸಿ ಮುಟ್ಟೋವಷ್ಟು ಹತ್ರ ದಂಡಿಗುಂಟ ಹೋಗ್ರಿ. ಅಡ್ಡ ದಾಟೋ ಹುಕಿ ಆಮ್ಯಾಲ.

---

ಅನಗವಾಡಿ ದಾಟುವವ

ಅಕ್ಕಾರ, ಬಾವಿ ವಿಷಯ ಓದಿ ಮೈ ಜುಂ ಅಂತು. ನಮ್ಮ ಊರಲ್ಲೂ ಅಂಥ ಬಾವಿಗಳಿವೆ, ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮನೆಯವರಿಗೂ ಓದಿ ಹೇಳಿದೆ. ಸುಳ್ಳು ಹೇಳಬೇಡಿ ಅಂದದ್ದು ಅವರಿಗೆ ಬಹಳ ಹಿಡಿಸಿತು.

ಹತ್ತೂವರೆ ಅಡಿಯ ಸಿಟ್-ಆನ್-ಟಾಪ್ ಒಂದು ನೋಡಿಟ್ಟಿದ್ದೇನೆ, ಅಗಲ 31 ಇಂಚು, 150 ಕೆ.ಜಿ. ತಡೆಯುತ್ತದೆ ಅಂತ ಬರೆದಿದ್ದಾರೆ. ಉಳಿದದ್ದು ಎರಡು ಪ್ರಶ್ನೆ. ಮಗಳಿಗಾಗಿ ಇಬ್ಬರ ದೋಣಿ ಬೇಡವೇ? ಮತ್ತೆ, ಬಿದ್ದರೆ ತಿರುವಿ ಹಾಕಿ ಹತ್ತುವುದು ಅಂದಿರಲ್ಲ, ಅದನ್ನು ಎಲ್ಲಿ, ಹೇಗೆ ಕಲಿಯುವುದು?

---

ಹೊಳಿದಂಡಿ ಅಕ್ಕ

ನೀವು ನೋಡಿಟ್ಟದ್ದು ಛಲೋ ಐತಿ, ತಗೋರಿ.

ಇಬ್ಬರ ದೋಣಿ ಈಗ ಬ್ಯಾಡ. ಹನ್ನೆರಡು ಹದಿಮೂರು ಅಡಿ, ಮೂವತ್ತು ಕೆ.ಜಿ. ಮ್ಯಾಲ ಭಾರ, ಒಬ್ಬರಿಗೆ ಹೊರಾಕ ಬರೂದಿಲ್ಲ. ಹಿಂದ 82 ಕೆ.ಜಿ. ನೀವು, ಮುಂದ 30 ಕೆ.ಜಿ. ಮಗಳು ಕೂತ್ರ ಮೂತಿ ಮ್ಯಾಲಕ ಎದ್ದು ಗಾಳಿಗೆ ತಿರಗ್ತೈತಿ. ಅದಕಿಂತ ದೊಡ್ಡ ಮಾತು, ನೀವ ಇನ್ನೂ ಕಲೀತಿರುವಾಗ ಅಕಿ ಜೀವದ ಹೊಣಿನೂ ನಿಮ್ಮ ಮ್ಯಾಲ ಇರಬಾರದು. ಈ ಹಂಗಾಮು ನೀವು ಕಲೀರಿ. ಅಕಿ ದಂಡ್ಯಾಗ ಜಾಕೆಟ್ ತೊಟ್ಟು ಮೊಣಕಾಲು ನೀರಾಗ ದೋಣಿ ಮ್ಯಾಲ ಕೂತು ಹುಟ್ಟು ಹಾಕೂದು ಆಡಲಿ, ನೀವು ದೋಣಿ ಹಿಡಕೊಂಡು ಪಕ್ಕಕ್ಕ ನಿಲ್ರಿ. ಮುಂದಿನ ಹಂಗಾಮಿಗೆ ಅಕಿಗೆ ಎಂಟು ಅಡೀದು ಸಣ್ಣ ದೋಣಿ. ನಮ್ಮ ಹೆಣ್ಣುಮಕ್ಕಳು ಹಿಂಗ ಕಲ್ತಾರ. ಗಂಡುಹುಡುಗರಕಿಂತ ಅವರ ಛಲೋ ಹುಟ್ಟು ಹಾಕ್ತಾರ, ಯಾಕಂದ್ರ ಹೇಳಿದ್ದು ಕೇಳ್ತಾರ.

ಮಗಳ ಜಾಕೆಟ್ ವಯಸ್ಸು ನೋಡಿ ತಗೋಬ್ಯಾಡ್ರಿ, ತೂಕ ನೋಡಿ ತಗೋರಿ. ತೊಡಿ ನಡುವ ಹಾಯೋ ಬೆಲ್ಟ್ ಇರಲೇಬೇಕು, ಇಲ್ಲಂದ್ರ ನೀರಾಗ ಜಾಕೆಟ್ ಮ್ಯಾಲ ಹೋಗಿ ಕೂಸು ಕೆಳಗ ಇಳೀತೈತಿ. ಮುಂದಿನ ವರ್ಷಕ್ಕೂ ಆಗ್ಲಿ ಅಂತ ದೊಡ್ಡದು ಕೊಡಸಾಕ ಹೋಗಬ್ಯಾಡ್ರಿ. ನಿಮ್ಮ ಮನಿಯವರಿಗೂ ಒಂದು ಜಾಕೆಟ್ ಕೊಡಸ್ರಿ, ದಂಡ್ಯಾಗ ನಿಲ್ಲೋರಿಗೂ ಬೇಕು. ಗಂಡ ಮಗಳು ಬಿದ್ರ ಈಸು ಬರದಾಕಿ ಮದ್ಲ ನೀರಿಗೆ ಓಡ್ತಾಳ.

ಹತ್ತೂದು ಕಲಿಯೋದು ಹಿಂಗ. ಎದಿಮಟ್ಟ ನೀರು, ಕೆಳಗ ಗಟ್ಟಿ ನೆಲ, ಜೊತಿಗೆ ಈಸು ಬರೋರು ಒಬ್ಬರು. ಜಾಕೆಟ್ ತೊಟ್ಟು ಬೇಕಂತಲೇ ಬೀಳ್ರಿ. ಬೀಳುವಾಗ ಹುಟ್ಟು ಬಿಡಬ್ಯಾಡ್ರಿ, ಇನ್ನೊಂದು ಕೈಲೆ ದೋಣಿ ಹಿಡೀರಿ. ದೋಣಿ ಬಿಟ್ರಿ ಅಂದ್ರ ಗಾಳಿ ಒಯ್ತೈತಿ. ಬೋರಲು ಬಿದ್ದ ದೋಣಿ ಮ್ಯಾಲ ಕೈ ಚಾಚಿ ಆಚಿ ಅಂಚಿನ ಹಿಡಿಕಿ ಹಿಡದು, ಎದಿ ಒತ್ತಿ, ಮೈಭಾರ ಹಿಂದ ಹಾಕಿ ಎಳೀರಿ, ಹೊಳ್ಳಿ ಬೀಳ್ತೈತಿ. ಆಮ್ಯಾಲ ನಡು ಭಾಗಕ್ಕ ಬರ್ರಿ. ಕಾಲು ಕೆಳಗ ಜೋತು ಬಿಟ್ರ ದೋಣಿ ಅಡಿಗೆ ಹೋಗ್ತಾವ, ಹತ್ತಾಕ ಆಗೂದಿಲ್ಲ. ಈಸೋ ಹಂಗ ಕಾಲು ಹಿಂದ ಬಡದು ಮೈ ನೀರಿನ ಮ್ಯಾಲ ಅಡ್ಡ ತರ್ರಿ, ಆ ನೂಕಿಗೆ ಹೊಟ್ಟಿ ದೋಣಿ ಮ್ಯಾಲ ಎಳಕೋರಿ. ಮದ್ಲ ಹೊಟ್ಟಿ, ಆಮ್ಯಾಲ ಹೊಳ್ಳಿ ಕುಂಡಿ, ಕಡೀಕ ಕಾಲು. ಅವಸರ ಮಾಡಿ ಮದ್ಲ ಕಾಲು ಹಾಕಿದವರು ಮತ್ತ ಬೀಳ್ತಾರ. ಎಡಕಿನಿಂದ ಬಂತಂದ್ರ ಬಲಕಿನಿಂದ ಮಾಡ್ರಿ. ದಣಿವಾದ ಮ್ಯಾಲೂ ಮಾಡ್ರಿ, ಯಾಕಂದ್ರ ಖರೇನ ಬೀಳೂದು ದಣಿದಾಗ. ಕಾಲು ಹತ್ತದ ನೀರಾಗ ಯಾರ ಸಹಾಯ ಇಲ್ಲದ ಹತ್ತಾಕ ಬಂದ ಮ್ಯಾಲ ದಂಡಿ ಬಿಟ್ಟು ಹೋಗಾಕ ನಿಮಗ ಹಕ್ಕು ಬಂತು, ಅಲ್ಲಿ ತನಕ ಇಲ್ಲ.

ಹುಟ್ಟು ದೋಣಿಗೆ ಕಟ್ಟೋ ಬಳ್ಳಿ ನಿಂತ ನೀರಾಗ ಇರಲಿ, ಹರಿಯೋ ನೀರಾಗ ಬ್ಯಾಡ, ಸುತಗೊಳ್ತೈತಿ. ನಿಮ್ಮನ್ನ ದೋಣಿಗೆ ಎಂದೂ ಕಟ್ಕೋಬ್ಯಾಡ್ರಿ.

---

ಗುಮ್ಮಟದೂರಿನವ

ಸಾಗಿಸುವುದರ ಬಗ್ಗೆ ಒಂದು ಮಾತು. ಗೆಳೆಯರ ಗಟ್ಟಿ ದೋಣಿ ನಾನೂ ಕಾರಿನ ಮೇಲೆ ಕಟ್ಟಿದ್ದೇನೆ. ಎರಡು ಅಡ್ಡಪಟ್ಟಿ ಸಾಲದು, ಮೂತಿಯಿಂದ ಬಂಪರ್ ಕೆಳಗೊಂದು, ಬಾಲದಿಂದ ಹಿಂದಕ್ಕೊಂದು ಹಗ್ಗ ಬೇಕೇ ಬೇಕು. ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ದಾಟುವಾಗ, ಎದುರಿನಿಂದ ಲಾರಿ ಬಂದಾಗ ಗಾಳಿ ಎತ್ತುತ್ತದೆ. ತೀರಾ ಬಿಗಿಯಲೂಬಾರದು, ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಪಟ್ಟಿ ಇದ್ದಲ್ಲಿ ತಳ ಒಳಗೆ ಹೋಗುತ್ತದೆ. ಮನೆಯಲ್ಲಿ ನೆರಳಲ್ಲಿ, ಒಂದು ಮಗ್ಗುಲಾಗಿ ಇಡಿ. ಮಾಳಿಗೆ ಮೇಲೆ ಬಿಸಿಲಿಗೆ ಬಿಟ್ಟರೆ ಎರಡೇ ಬೇಸಿಗೆಗೆ ಬಣ್ಣ ಹೋಗಿ ಪ್ಲಾಸ್ಟಿಕ್ ಪೆಡಸಾಗುತ್ತದೆ.

---

ಅನಗವಾಡಿ ದಾಟುವವ

ಬಹಳ ಉಪಕಾರವಾಯಿತು ಎಲ್ಲರಿಂದ. ಕೊನೆಯ ಪ್ರಶ್ನೆ: ಇದಕ್ಕೆ ಯಾರ ಅನುಮತಿ ಬೇಕು? ಮತ್ತೆ ಮೊದಲ ದಿನ ಜೊತೆಗೆ ಯಾರಾದರೂ ಗೊತ್ತಿರುವವರು ಇದ್ದರೆ ಧೈರ್ಯ. ಅಕ್ಕಾರ, ನೀವು ಬರಲು ಸಾಧ್ಯವೇ?

---

ಹೊಳಿದಂಡಿ ಅಕ್ಕ

ನೀರು ಕೃಷ್ಣಾ ಭಾಗ್ಯ ಜಲ ನಿಗಮದ ಸುಪರ್ದಿ. ಡ್ಯಾಮ್ ಹತ್ರ, ಗೇಟಿನ ಹತ್ರ ಹೋಗೂ ಮಾತ ಇಲ್ಲ. ಉಳದ ಕಡೆ ಇಳಿಯೂ ಮುಂಚೆ ಅವರ ಕಚೇರಿಗೆ ಒಂದು ಅರ್ಜಿ ಕೊಟ್ಟು ಕೇಳ್ರಿ, ಆ ಹದ್ದಿನ ಪೊಲೀಸ್ ಠಾಣೆಗೂ ಹೇಳ್ರಿ. ಬಾಯಿಮಾತು ಬ್ಯಾಡ, ಕಾಗದದ ಮ್ಯಾಲ ಇರಲಿ.

ಜಾಕೆಟ್ ಬಂದ ಮ್ಯಾಲ ಇಲ್ಲೇ ತಿಳಸ್ರಿ. ನವೆಂಬರ್‌ದಾಗ ಒಂದು ರವಿವಾರ ಮುಂಜಾನೆ ಆರೂವರಿಗೆ ನಮ್ಮೂರ ಘಟ್ಟಕ್ಕ ಬರ್ರಿ, ನಾನೂ ಬರ್ತೇನಿ, ಮೀನು ಹಿಡಿಯೋ ನಮ್ಮ ಮಾವಾರಿಗೆ ತೆಪ್ಪ ತಗೊಂಡು ನಿಲ್ಲಾಕ ಹೇಳ್ತೇನಿ. ಮದ್ಲನೇ ದಿನ ಹುಟ್ಟು ಹಾಕೂದು ಕಡಿಮಿ, ಬೀಳೂದು ಹತ್ತೂದ ಜಾಸ್ತಿ. ಮನಿಯವರನ್ನ, ಮಗಳನ್ನ ಕರಕೊಂಡು ಬರ್ರಿ. ಎರಡು ಲೀಟರ್ ನೀರು, ತುಂಬು ತೋಳಿನ ಅಂಗಿ, ಕಾಲಿಗೆ ಹಿಂದ ಪಟ್ಟಿ ಇರೋ ಚಪ್ಪಲಿ, ತಲಿಗೆ ಟೊಪ್ಪಿಗಿ, ಫೋನಿಗೆ ನೀರು ಹೋಗದ ಚೀಲ ತರ್ರಿ, ಅದರಾಗ 112 ಒತ್ತಾಕ ಬರ್ತೈತೇನ್ ಮನ್ಯಾಗ ನೋಡ್ಕೊಂಡು ಬರ್ರಿ. ಜೀನ್ಸ್ ತೊಟ್ಟು ಬರಬ್ಯಾಡ್ರಿ, ಒದ್ದಿಯಾದ್ರ ಕಾಲು ಎತ್ತಾಕ ಬರೂದಿಲ್ಲ. ಎಂಟೂವರಿಗೆ ನೀರಿನಿಂದ ಹೊರಗ, ಗಾಳಿ ಏಳೂ ಮುಂಚೆ. ರೊಟ್ಟಿ, ಕೊಲ್ಹಾರದ ಗಡಿಗಿ ಮೊಸರು ನಮ್ಮ ಮನ್ಯಾಗ ಐತಿ, ಬುತ್ತಿ ಕಟ್ಟಬ್ಯಾಡ್ರಿ. ಹಿಂದಿನ ದಿನ ಸಂಜೀಕ ಗಾಳಿ ನೋಡಿ ಹೌದೋ ಅಲ್ಲೋ ಹೇಳ್ತೇನಿ. ಬ್ಯಾಡ ಅಂದ್ರ ಬ್ಯಾಡ, ಮುಂದಿನ ರವಿವಾರ ನೋಡೂಣು.